ಕಡಲ ಅಕ್ವೇರಿಯಂಗೆ ಕಪಾಟಿನೊಳಗೊಂದು ಸಂಪು: ಕರೆಂಟು ಹೋದಾಗ ಗೊತ್ತಾಗುವ ಲೆಕ್ಕ

ಬೆಂಗಳೂರಿನ ಮನೆಗಳಲ್ಲಿ ಸಂಪು ಎಂದರೆ ಅಂಗಳದ ಅಡಿಯಲ್ಲಿ ಕಾವೇರಿ ನೀರು ಹಿಡಿದಿಡುವ ತೊಟ್ಟಿ. ಅಲ್ಲಿಂದ ಮೋಟಾರು ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಮೋಟಾರು ಆರಿಸಲು ಮರೆತರೆ ಓವರ್‌ಫ್ಲೋ ಪೈಪು ಆ ಸಂಗತಿಯನ್ನು ಇಡೀ ಬೀದಿಗೆ ತಿಳಿಸುತ್ತದೆ. ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇರಿಸುವ ಗಾಜಿನ ಪೆಟ್ಟಿಗೆಗೂ ಸಂಪು ಎಂದೇ ಹೆಸರು. ತತ್ವವೂ ಹೆಚ್ಚುಕಡಿಮೆ ಅದೇ. ಆದರೆ ಇಲ್ಲಿ ಪಂಪು ದಿನದ 24 ಗಂಟೆಯೂ ನಡೆಯುತ್ತದೆ, ಮೇಲೇರಿದ ನೀರು ಅಷ್ಟೇ ವೇಗದಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಲೆಕ್ಕ ತಪ್ಪಿದರೆ ನೀರು ಹರಿಯುವುದು ಬೀದಿಗಲ್ಲ, ಹಾಲ್‌ನ ನೆಲದ ಮೇಲೆ. ಅಪಾರ್ಟ್‌ಮೆಂಟಾದರೆ ಕೆಳಗಿನ ಮನೆಯವರ ಸೀಲಿಂಗ್‌ಗೆ.

ಅಂಗಡಿಯಲ್ಲಿ ಗ್ರಾಹಕರಿಗೆ ತೋರಿಸುವ ಸಂಪು ಸದಾ ನಡೆಯುತ್ತಿರುತ್ತದೆ. ಮೇಲೂ ಕೆಳಗೂ ನೀರಿನ ಮಟ್ಟ ಅಲುಗದೆ ನಿಂತಿರುತ್ತದೆ. ಹೊಸಬರು ಆ ಮಟ್ಟವನ್ನೇ ನೋಡಿ ಪೆಟ್ಟಿಗೆಯ ಅಳತೆ ಹೇಳಿ ಬರುತ್ತಾರೆ. ವಾಸ್ತವದಲ್ಲಿ ಸಂಪಿನ ಗಾತ್ರ, ಪೈಪಿನ ತುದಿ, ತಡೆಗಾಜಿನ ಎತ್ತರ ಇವೆಲ್ಲವೂ ಎರಡು ಅವಘಡಗಳನ್ನು ಮುಂದಿಟ್ಟುಕೊಂಡು ನಿರ್ಧಾರವಾಗಬೇಕು: ಒಂದು, ಪಂಪು ನಿಂತ ಕ್ಷಣ; ಇನ್ನೊಂದು, ಇಳಿಯುವ ಪೈಪು ಕಟ್ಟಿಕೊಂಡ ಕ್ಷಣ. ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ ಮೊದಲನೆಯದನ್ನು ಅವಘಡ ಎನ್ನುವುದೂ ಕಷ್ಟ. ಅದು ವಾರದ ದಿನಚರಿ.

ಸಂಪು ಏಕೆ ಬೇಕು?

ಸಿಹಿನೀರಿನ ಗೋಲ್ಡ್‌ಫಿಶ್ ತೊಟ್ಟಿಗೆ ಮೂಲೆಯಲ್ಲೊಂದು ಫಿಲ್ಟರು ಸಾಕಾದೀತು. ಕಡಲ ಜೀವಿಗಳ ಸಹನೆ ಕಡಿಮೆ. ಸಮುದ್ರದ ನೀರಿನಲ್ಲಿ ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ. ಅದರಲ್ಲಿ ಆಮ್ಲಜನಕ ಕರಗುವ ಪ್ರಮಾಣವೂ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಕಡಲನೀರು ಹಿಡಿದಿಡುವುದು ಸುಮಾರು 6.7 ಮಿ.ಗ್ರಾಂ ಮಾತ್ರ. ಮೇಲ್ಮೈಯಲ್ಲಿ ಕಟ್ಟುವ ಜಿಡ್ಡಿನ ಪೊರೆ ಗಾಳಿಯ ವಿನಿಮಯಕ್ಕೆ ಅಡ್ಡಿಯಾಗುತ್ತದೆ. ತೊಟ್ಟಿಯ ಅಂಚಿನಿಂದ ತುಂಬಿ ಇಳಿಯುವ ನೀರು ಮೊದಲು ಒಯ್ಯುವುದು ಈ ಪೊರೆಯನ್ನೇ. ಸಂಪಿನ ದೊಡ್ಡ ಉಪಕಾರ ಇದು.

ಉಳಿದ ಪ್ರಯೋಜನಗಳು ಕಣ್ಣಿಗೆ ಕಾಣುವಂಥವು. ಹೀಟರು, ನೊರೆಯ ಮೂಲಕ ಕೊಳೆ ಎತ್ತುವ ಪ್ರೊಟೀನ್ ಸ್ಕಿಮ್ಮರ್ ಮುಂತಾದ ಸಲಕರಣೆಗಳು ಮೇಲಿನ ತೊಟ್ಟಿಯಿಂದ ಮರೆಯಾಗುತ್ತವೆ. ಒಟ್ಟು ನೀರಿನ ಪ್ರಮಾಣ ಹೆಚ್ಚುತ್ತದೆ. ಭಾರತದ ಹವ್ಯಾಸಿಗಳಿಗೆ ಮತ್ತೊಂದು ಕಾರಣವೂ ಉಂಟು. ಹೊರದೇಶಗಳಲ್ಲಿ ನೀರು ಶುದ್ಧಿಯ ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದು ‘ಲೈವ್ ರಾಕ್’, ಅಂದರೆ ಹವಳದ ಅಸ್ಥಿಯಿಂದಾದ ರಂಧ್ರಮಯ ಕಲ್ಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಕಡಲಕುದುರೆಗಳೂ ಸೇರಿದವು. ನಮ್ಮ ಕಡಲಿನಿಂದ ಅವನ್ನು ಕಿತ್ತು ತಂದು ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಹಾಗಾಗಿ ಆ ಕೆಲಸವನ್ನು ಸಂಪಿನೊಳಗೆ ಸೆರಾಮಿಕ್ ಉಂಗುರ, ಸೆರಾಮಿಕ್ ಇಟ್ಟಿಗೆಗಳಿಗೆ ವಹಿಸಬೇಕಾಗುತ್ತದೆ. ಮೀನುಗಳ ವಿಷಯದಲ್ಲಿ ಪರಿಸ್ಥಿತಿ ಅಷ್ಟು ಬಿಗಿಯಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್‌ಗಳನ್ನು ಮರಿಕೇಂದ್ರದಲ್ಲೇ ಬೆಳೆಸುವ ವಿಧಾನ ರೂಪಿಸಿದೆ. ಹಾಗೆ ಬೆಳೆದ ಮೀನನ್ನು ಕೇಳಿ ಪಡೆಯುವುದು ಒಳಿತು.

ಸಂಪಿನ ಕಲ್ಪನೆ ಹೊಸದೇನಲ್ಲ. 1871ರಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಆರಂಭವಾದ ಸಾರ್ವಜನಿಕ ಅಕ್ವೇರಿಯಂನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ನೆಲದಡಿ ಕತ್ತಲ ಜಲಾಶಯವೊಂದನ್ನು ಕಟ್ಟಿಸಿ, ಉಗಿಯಂತ್ರದ ಬಲದಿಂದ ಕಡಲನೀರನ್ನು ಸದಾ ಸುತ್ತಿಸುತ್ತಿದ್ದರು. ಆ ಜಲಾಶಯ ಮೇಲಿನ ಪ್ರದರ್ಶನ ತೊಟ್ಟಿಗಳೆಲ್ಲದರ ಒಟ್ಟು ಗಾತ್ರಕ್ಕಿಂತ ಹಲವು ಪಟ್ಟು ದೊಡ್ಡದಿತ್ತು. ಮನೆಯ ಕಪಾಟಿನಲ್ಲಿ ಅಷ್ಟು ಜಾಗ ಸಿಗುವುದಿಲ್ಲ; ತೊಂದರೆ ಶುರುವಾಗುವುದೂ ಅಲ್ಲಿಯೇ.

ನೀರು ಇಳಿಯುವ ದಾರಿ

ಮೇಲಿನ ತೊಟ್ಟಿಯ ಹಿಂಬದಿ ಅಥವಾ ತಳದ ಗಾಜಿಗೆ ರಂಧ್ರ ಕೊರೆದು, ಅದರ ಸುತ್ತ ಹಲ್ಲುಗಳಿರುವ ಗಾಜಿನ ಅಡ್ಡಗೋಡೆ ಕಟ್ಟುವುದು ವಿಶ್ವಾಸಾರ್ಹ ವಿಧಾನ. ನೀರು ಹಲ್ಲುಗಳ ಸಂದಿಯಿಂದ ಒಳಗಿಳಿದು ಪೈಪು ಸೇರುತ್ತದೆ. ರಂಧ್ರವನ್ನು ವಜ್ರದ ಪುಡಿ ಲೇಪಿಸಿದ ಬಿಟ್‌ನಿಂದ, ನೀರು ಹನಿಸುತ್ತ, ಒತ್ತಡ ಹಾಕದೆ ಕೊರೆಯಬೇಕು. ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ಕನಿಷ್ಠ ರಂಧ್ರದ ವ್ಯಾಸದಷ್ಟಾದರೂ ಅಂತರವಿರಲಿ. ಟಫನ್ಡ್ ಗಾಜನ್ನು ಕೊರೆಯಲು ಸಾಧ್ಯವೇ ಇಲ್ಲ; ಬಿಟ್ ತಾಗಿದೊಡನೆ ಇಡೀ ಹಾಳೆ ಹರಳು ಹರಳಾಗಿ ಉದುರುತ್ತದೆ. ಸಿದ್ಧ ತೊಟ್ಟಿ ತಂದು ಮನೆಯಲ್ಲಿ ಕೊರೆಸುವವರು ತಳದ ಗಾಜು ಯಾವ ಬಗೆಯದೆಂದು ತಯಾರಿಸಿದವರನ್ನೇ ಕೇಳುವುದು ಲೇಸು.

ಕೊರೆಯಲು ಹೆದರುವವರಿಗೆ ಅಂಚಿಗೆ ನೇತುಹಾಕುವ ಪೆಟ್ಟಿಗೆಗಳು ಸಿಗುತ್ತವೆ. ‘U’ ಆಕಾರದ ಕೊಳವೆ ನೀರನ್ನು ಅಂಚಿನ ಮೇಲಿಂದ ಹೊರಗೆ ಎಳೆಯುತ್ತದೆ. ಕೊಳವೆಯ ಬಾಗಿನಲ್ಲಿ ಗಾಳಿ ಸೇರುತ್ತ ಹೋದಂತೆ ಸೈಫನ್ ದುರ್ಬಲವಾಗಿ ಒಂದು ದಿನ ತುಂಡಾಗುತ್ತದೆ. ಕರೆಂಟು ಹೋಗಿ ಬಂದಾಗ ಅದು ತಾನಾಗಿ ಮತ್ತೆ ಆರಂಭವಾಗದೆ ಇರುವ ಸಂಭವವೂ ಇದೆ. ಇಳಿಯುವ ದಾರಿ ಮುಚ್ಚಿದೆ ಎಂಬುದು ಪಂಪಿಗೆ ತಿಳಿಯದು. ಅದು ಏರಿಸುತ್ತಲೇ ಇರುತ್ತದೆ. ದಿನಕ್ಕೆರಡು ಬಾರಿ ಕರೆಂಟು ಹೋಗುವ ಊರಿನಲ್ಲಿ ಈ ಪೆಟ್ಟಿಗೆಯನ್ನು ನಂಬಿ ಕಚೇರಿಗೆ ಹೋಗುವುದು ಧೈರ್ಯದ ಕೆಲಸವೇ ಸರಿ.

ಇಳಿಪೈಪಿನ ಜೋಡಣೆಯಲ್ಲಿ ಹಲವು ಬಗೆಗಳಿವೆ. ಅಮೆರಿಕದ ರಿಚರ್ಡ್ ಡರ್ಸೊ ಅವರ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ ನಿಂತ ಪೈಪಿನ ತಲೆಗೆ ಒಂದು ಟೀ ಜೋಡಿಸಿ, ಅದರ ಮೇಲಿನ ಮುಚ್ಚಳದಲ್ಲಿ ಗಾಳಿಗೆ ಸಣ್ಣ ರಂಧ್ರ ಕೊರೆಯುತ್ತಾರೆ. ಕಮೋಡಿನ ಫ್ಲಶ್‌ನಂತೆ ಗೊಳಗೊಳ ಎನ್ನುವ ಸದ್ದು ಇದರಿಂದ ಗಣನೀಯವಾಗಿ ಇಳಿಯುತ್ತದೆ. ಆದರೆ ಒಂದೇ ಪೈಪು. ಅದಕ್ಕೊಂದು ಶಂಖದ ಹುಳು ನುಗ್ಗಿದರೆ ಬದಲಿ ದಾರಿಯಿಲ್ಲ. ‘ಹರ್ಬಿ’ ಎಂಬ ಹೆಸರಿನ ಎರಡು ಪೈಪುಗಳ ವಿಧಾನ ಇದಕ್ಕಿಂತ ಸುರಕ್ಷಿತ. ಮೊದಲ ಪೈಪು ಪೂರ್ತಿ ನೀರು ತುಂಬಿ ಸೈಫನ್ ಆಗಿ, ಸದ್ದಿಲ್ಲದೆ ಇಳಿಯುತ್ತದೆ. ಅದರ ವೇಗವನ್ನು ಗೇಟ್ ವಾಲ್ವ್‌ನಿಂದ ಹೊಂದಿಸುತ್ತಾರೆ. ಬಾಲ್ ವಾಲ್ವ್‌ನಲ್ಲಿ ಅಷ್ಟು ನಾಜೂಕಾಗಿ ತಿರುಗಿಸಲು ಬರುವುದಿಲ್ಲ. ಎರಡನೆಯ ಪೈಪಿನ ಬಾಯಿ ಸ್ವಲ್ಪ ಎತ್ತರದಲ್ಲಿದ್ದು, ಮೊದಲನೆಯದು ಕಟ್ಟಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಈ ತುರ್ತು ಪೈಪಿಗೆ ಯಾವ ವಾಲ್ವ್ ಕೂಡದು. ‘ಬೀನ್ ಅನಿಮಲ್’ ಎಂಬುದು ಇದನ್ನೇ ಮೂರು ಪೈಪುಗಳಿಗೆ ಹಿಗ್ಗಿಸಿದ ವಿಧಾನ.

ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಸೆಂ.ಮೀ.ನಷ್ಟು ಮಾತ್ರ ಮುಳುಗಿರಬೇಕು. ಹೆಚ್ಚು ಆಳಕ್ಕೆ ಇಳಿಸಿದರೆ ಕರೆಂಟು ಬಂದಾಗ ಪೈಪಿನೊಳಗಿನ ಗಾಳಿ ಹೊರಬರಲಾಗದೆ ಸೈಫನ್ ಹಿಡಿಯಲು ತಡವಾಗುತ್ತದೆ.

ಪಂಪು ನಿಂತಾಗ

ಮನೆಗಳಲ್ಲಿ ಸಾಮಾನ್ಯವಾದ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಧಾರಣಶಕ್ತಿ ಸುಮಾರು 450 ಲೀಟರ್. ಮೇಲ್ಮೈ ವಿಸ್ತೀರ್ಣ 8 ಚದರ ಅಡಿಯಾದ್ದರಿಂದ ಒಂದು ಸೆಂ.ಮೀ. ನೀರು ಎಂದರೆ 7.4 ಲೀಟರ್. ಸಂಪು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಅದರಲ್ಲಿ ಒಂದು ಸೆಂ.ಮೀ. ಎಂದರೆ ಸುಮಾರು 4.2 ಲೀಟರ್. (ಗಾಜಿನ ದಪ್ಪವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.)

ಪಂಪು ನಿಂತೊಡನೆ ಏರುಪೈಪು ತಿರುಗುಮುರುಗಾಗಿ ತಾನೇ ಸೈಫನ್ ಆಗುತ್ತದೆ. ಮೇಲಿನ ತೊಟ್ಟಿಯಲ್ಲಿ ಅದರ ಬಾಯಿ ಎಷ್ಟು ಆಳದಲ್ಲಿದೆಯೋ ಅಷ್ಟು ನೀರನ್ನೂ ಕೆಳಕ್ಕೆ ಎಳೆದು ತರುತ್ತದೆ. ಬಾಯಿ 5 ಸೆಂ.ಮೀ. ಕೆಳಗಿದ್ದರೆ 37 ಲೀಟರ್ ಇಳಿಯುತ್ತದೆ. ಅಡ್ಡಗೋಡೆಯ ಹಿಂದಿನ ನೀರು, ಪೈಪುಗಳಲ್ಲಿದ್ದ ನೀರು ಸೇರಿ 8 ಲೀಟರ್ ಎಂದುಕೊಂಡರೆ ಒಟ್ಟು 45 ಲೀಟರ್. ಸಂಪಿನ ಮಟ್ಟ ಸುಮಾರು 11 ಸೆಂ.ಮೀ. ಏರುತ್ತದೆ. ಸಂಪು 25 ಸೆಂ.ಮೀ. ಮಟ್ಟದಲ್ಲಿ ನಡೆಯುತ್ತಿದ್ದರೆ ಚಿಂತೆಯಿಲ್ಲ. ‘ಹೆಚ್ಚು ನೀರಿದ್ದಷ್ಟೂ ಒಳ್ಳೆಯದು’ ಎಂದು 38 ಸೆಂ.ಮೀ.ವರೆಗೆ ತುಂಬಿಸಿದ್ದರೆ ಸುಮಾರು 13 ಲೀಟರ್ ಉಪ್ಪುನೀರು ಕಪಾಟಿನ ಬಾಗಿಲ ಸಂದಿಯಿಂದ ಹೊರಬರುತ್ತದೆ. ಕಪಾಟು ಪ್ಲೈವುಡ್‌ನದಾದರೆ ಅಂಚು ಊದಿಕೊಳ್ಳಲು ಇಂತಹ ಒಂದೆರಡು ಪ್ರಸಂಗ ಸಾಕು.

ಇದಕ್ಕೆ ಪ್ಲಂಬರುಗಳು ಕೂಡಲೇ ಸೂಚಿಸುವ ಪರಿಹಾರ ಎನ್‌ಆರ್‌ವಿ, ಅಂದರೆ ನೀರು ಹಿಂದಿರುಗದಂತೆ ತಡೆಯುವ ವಾಲ್ವ್. ಮನೆಯ ಮೋಟಾರಿಗೆ ಅದು ಸರಿ. ಕಡಲನೀರಿನಲ್ಲಿ ಅದರ ಬಾಗಿಲಿಗೆ ಕೆಲವೇ ತಿಂಗಳಲ್ಲಿ ಸುಣ್ಣದ ಚಿಪ್ಪು ಕಟ್ಟುವ ಹುಳುಗಳೂ ಪಾಚಿಯೂ ಅಂಟಿಕೊಂಡು, ಅದು ಪೂರ್ತಿ ಮುಚ್ಚದಂತಾಗುತ್ತದೆ. ಸೋರುವ ವಾಲ್ವ್ ಹೊರಗಿನಿಂದ ಕಾಣುವುದೂ ಇಲ್ಲ. ಅನುಭವಿಗಳು ಏರುಪೈಪಿನ ಬಾಯಿಯನ್ನೇ ಮೇಲ್ಮೈಗೆ ಹತ್ತಿರ ತರುತ್ತಾರೆ. ಜೊತೆಗೆ ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ ಪೈಪಿಗೆ ಸಣ್ಣ ರಂಧ್ರ ಕೊರೆಯುತ್ತಾರೆ. ಮಟ್ಟ ರಂಧ್ರದವರೆಗೆ ಇಳಿದಾಗ ಗಾಳಿ ಒಳನುಗ್ಗಿ ಸೈಫನ್ ತುಂಡಾಗುತ್ತದೆ. 2 ಸೆಂ.ಮೀ.ನಲ್ಲಿ ತುಂಡಾದರೆ ಮೇಲಿನ ತೊಟ್ಟಿಯಿಂದ ಇಳಿಯುವುದು 15 ಲೀಟರ್ ಮಾತ್ರ. ಆದರೂ ಆ ರಂಧ್ರ ಪಾಚಿಯಿಂದ ಮುಚ್ಚಿಹೋದೀತೆಂದೇ ಭಾವಿಸಿ, ಸಂಪಿನಲ್ಲಿ ಪೂರ್ತಿ 45 ಲೀಟರಿಗೂ ಜಾಗ ಉಳಿಸಬೇಕು.

ಪೈಪು ಕಟ್ಟಿದಾಗ

ಎರಡನೆಯ ಲೆಕ್ಕವನ್ನು ಬಹಳ ಮಂದಿ ಹಾಕುವುದೇ ಇಲ್ಲ. ಇಳಿಪೈಪು ಕಟ್ಟಿಕೊಂಡರೆ ಪಂಪು ತನ್ನ ಕೋಣೆಯ ನೀರನ್ನೆಲ್ಲ ಮೇಲೇರಿಸಿ ನಂತರ ಒಣಗಿ ನಿಲ್ಲುತ್ತದೆ. ಹಾಗೆ ಏರಿದ ನೀರಿಗೆ ಮೇಲಿನ ತೊಟ್ಟಿಯಲ್ಲಿ ಜಾಗವಿರಬೇಕು. ನೀರಿನ ಮಟ್ಟದಿಂದ ಗಾಜಿನ ಅಂಚಿಗೆ 3 ಸೆಂ.ಮೀ. ಬಿಟ್ಟಿದ್ದರೆ 22 ಲೀಟರಿಗೆ ಅವಕಾಶವಿದೆ. ಸಂಪನ್ನು ತಡೆಗಾಜುಗಳಿಂದ ಮೂರು ಸಮಭಾಗ ಮಾಡಿದಾಗ ಪಂಪಿನ ಕೋಣೆ ಒಂದೂವರೆ ಚದರ ಅಡಿ. ಅಲ್ಲಿ ನೀರು 20 ಸೆಂ.ಮೀ. ಇದ್ದು, ಪಂಪು ಎಳೆಯಲಾಗದ ತಳದ 8 ಸೆಂ.ಮೀ. ಕಳೆದರೆ ಮೇಲೇರುವುದು ಸುಮಾರು 17 ಲೀಟರ್. ಹಾಲ್ ಒಣಗಿಯೇ ಉಳಿಯುತ್ತದೆ. ತಡೆಗಾಜುಗಳಿಲ್ಲದೆ ಬಯಲಾಗಿರುವ ಸಂಪಿನಲ್ಲಿ ಈ ರಕ್ಷಣೆ ಇರುವುದಿಲ್ಲ.

ತಡೆಗಾಜಿಗೆ ಇನ್ನೊಂದು ಕೆಲಸವೂ ಇದೆ. ಇಳಿಪೈಪಿನಿಂದ ಬರುವ ಗಾಳಿಗುಳ್ಳೆಗಳು ಅದರ ಸಂದಿಯಲ್ಲಿ ಏರಿ ಒಡೆಯುತ್ತವೆ. ಇಲ್ಲವಾದರೆ ಮೇಲಿನ ತೊಟ್ಟಿ ಸೋಡಾ ಸೀಸೆಯಂತೆ ಕಾಣುತ್ತದೆ. ಆವಿಯಾಗುವ ನೀರು ಕಡಿಮೆಯಾಗುವುದೂ ಪಂಪಿನ ಕೋಣೆಯಲ್ಲೇ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ತುಂಬಬೇಕಾದ್ದು ಸಿಹಿನೀರು. ಅದೂ ಆರ್‌ಒ ನೀರು. ಕ್ಲೋರಿನ್ ಇರುವ ನಲ್ಲಿ ನೀರಾಗಲಿ ಗಡಸು ಬೋರ್‌ವೆಲ್ ನೀರಾಗಲಿ ಆಗದು. ಮನೆಯ ಸಂಪಿನಲ್ಲಿರುವಂಥ ಫ್ಲೋಟ್ ವಾಲ್ವ್ ಜೋಡಿಸಿ ಇದನ್ನು ತಾನಾಗಿ ನಡೆಯುವಂತೆ ಮಾಡಬಹುದು. ಫ್ಲೋಟ್ ಸಿಕ್ಕಿಕೊಂಡರೆ ಲವಣಾಂಶ ಕುಸಿಯುವುದರಿಂದ ಅದನ್ನು ನೇರ ನಲ್ಲಿಗೆ ಸೇರಿಸದೆ ಸಣ್ಣ ಕ್ಯಾನಿಗೆ ಸೇರಿಸುವುದು ವಾಡಿಕೆ.

ಪೈಪು, ಅಂಟು, ಹಿತ್ತಾಳೆ

ಪ್ಲಂಬಿಂಗ್ ಸಾಮಾನೆಲ್ಲ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಗಾಜಿನ ರಂಧ್ರಕ್ಕೆ ಹಾಕುವುದನ್ನು ಅಂಗಡಿಯವರು ಟ್ಯಾಂಕ್ ನಿಪ್ಪಲ್ ಎನ್ನುತ್ತಾರೆ. ಅದರ ರಬ್ಬರ್ ವಾಷರ್ ಅಗಲವಾದ ಅಂಚಿನ ಬದಿಗಿರಬೇಕು. ನಟ್ಟನ್ನು ಕೈಯಿಂದ ಬಿಗಿದು ಇನ್ನಷ್ಟೇ ತಿರುಗಿಸಿದರೆ ಸಾಕು. ಪೈಪ್ ರೆಂಚ್ ಹಾಕಿದರೆ ಗಾಜು ಸೀಳುತ್ತದೆ. ಒಂದು ಎಚ್ಚರಿಕೆ ಮುಖ್ಯ. ಸಿಪಿವಿಸಿ ಫಿಟ್ಟಿಂಗ್‌ಗಳಲ್ಲಿ ಥ್ರೆಡ್ ಇರುವವು ಬಹುಪಾಲು ಒಳಗೆ ಹಿತ್ತಾಳೆಯ ತಿರುಪು ಹೊಂದಿರುತ್ತವೆ. ಉಪ್ಪುನೀರಿನಲ್ಲಿ ಹಿತ್ತಾಳೆ ಕರಗಿ ತಾಮ್ರ ಬಿಡುತ್ತದೆ. ಸಿಗಡಿ, ಶಂಖ, ಕಡಲಹೂವುಗಳಿಗೆ ಅತ್ಯಲ್ಪ ತಾಮ್ರವೂ ವಿಷ. ಪ್ಲಾಸ್ಟಿಕ್ ಥ್ರೆಡ್‌ನವನ್ನೇ ಕೇಳಿ ಪಡೆಯಬೇಕು. ಜಿಐ ಪೈಪು, ಕಬ್ಬಿಣದ ಕ್ಲಿಪ್‌ಗಳಿಗೂ ಇಲ್ಲಿ ಪ್ರವೇಶವಿಲ್ಲ.

ಇಂಚಿನ ಅಳತೆಯ ಪೈಪಿಗೂ ಮಿಲಿಮೀಟರ್ ಅಳತೆಯ ಕೃಷಿ ಪೈಪಿಗೂ ಹೊಂದಾಣಿಕೆಯಾಗುವುದಿಲ್ಲ. ಒಂದು ಇಂಚಿನ ಪ್ಲಂಬಿಂಗ್ ಪೈಪಿನ ಹೊರವ್ಯಾಸ 33.4 ಮಿ.ಮೀ.; ನೋಡಲು ಅದರಂತೆಯೇ ಇರುವ ಕೃಷಿ ಪೈಪಿನದು 32 ಮಿ.ಮೀ. ಸಾಲ್ವೆಂಟ್ ಸಿಮೆಂಟ್ ಸುರಿದು ಈ ಅಂತರ ತುಂಬಲು ಹೋದರೆ ಸೋರಿಕೆ ನಿಶ್ಚಿತ. ಮೊದಲು ಅಂಟಿಲ್ಲದೆ ಪೂರ್ತಿ ಜೋಡಿಸಿ, ಪ್ರತಿ ಕೀಲಿಗೂ ಗೆರೆ ಎಳೆದು, ಅನಂತರ ಅಂಟಿಸಿ ಒಂದು ದಿನ ಒಣಗಲು ಬಿಡಬೇಕು. ಪಂಪಿನ ಬಳಿ ಯೂನಿಯನ್ ಹಾಕದಿದ್ದರೆ ಮೊದಲ ಸಲ ಅದನ್ನು ತೊಳೆಯಲು ತೆಗೆಯುವಾಗ ಗರಗಸ ಬೇಕಾಗುತ್ತದೆ.

ಪಂಪಿನ ಡಬ್ಬದ ಮೇಲೆ ಬರೆದ ಸಾಮರ್ಥ್ಯ ಎತ್ತರಕ್ಕೆ ಏರಿಸದೆ ಅಳೆದದ್ದು. ನಾಲ್ಕೈದು ಅಡಿ ಏರಿಸಿ, ಎರಡು ಮೂರು ಎಲ್ಬೋ ದಾಟಿಸುವಷ್ಟರಲ್ಲಿ ಅದು ಸಾಕಷ್ಟು ಕುಗ್ಗುತ್ತದೆ. ಗಂಟೆಗೆ ತೊಟ್ಟಿಯ ನೀರಿನ 3ರಿಂದ 5 ಪಟ್ಟು ಸಂಪಿನ ಮೂಲಕ ಹಾದರೆ ಸಾಕು ಎಂಬುದು ಈಗಿನ ರೂಢಿ. ಹಿಂದೆ 10 ಪಟ್ಟು ಎನ್ನುತ್ತಿದ್ದರು. ಅದರಿಂದ ಹೆಚ್ಚಿದ್ದು ಮುಖ್ಯವಾಗಿ ಸದ್ದು.

ಭಾರ ಮತ್ತು ವಿದ್ಯುತ್

ನೀರು, ಸುಮಾರು 90 ಕಿಲೋ ತೂಗುವ 12 ಮಿ.ಮೀ. ಗಾಜು, ಕಲ್ಲು, ಸಂಪು, ಕಪಾಟು ಎಲ್ಲ ಸೇರಿ ಮೇಲಿನ ಉದಾಹರಣೆಯ ವ್ಯವಸ್ಥೆ 700 ಕಿಲೋ ಮುಟ್ಟುತ್ತದೆ. ಅದು ನಿಲ್ಲುವುದು ಮುಕ್ಕಾಲು ಚದರ ಮೀಟರಿನಷ್ಟು ಜಾಗದಲ್ಲಿ. ವಾಸದ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಸೂಚಿಸುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಆ ಅಂಕಿ ಇಡೀ ನೆಲಕ್ಕೆ ಹರಡಿದ ಭಾರದ್ದಾದ್ದರಿಂದ ತೊಟ್ಟಿ ಇಟ್ಟ ಕೂಡಲೇ ನೆಲ ಕುಸಿಯುತ್ತದೆ ಎಂದೇನಲ್ಲ. ಆದರೂ ಕೋಣೆಯ ನಡುವೆ ಇಡದೆ ತೊಲೆ ಹಾದುಹೋಗುವ ಗೋಡೆಯ ಪಕ್ಕ ಇಡುವುದು, ಮಹಡಿ ಮನೆಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸುವುದು ವಿವೇಕ.

ಕಪಾಟಿನೊಳಗೆ ಉಪ್ಪಿನ ಹನಿ ಹಾರುತ್ತಲೇ ಇರುತ್ತದೆ. ಪ್ಲಗ್ ಬೋರ್ಡನ್ನು ಸಂಪಿನ ನೆತ್ತಿಯ ಮೇಲೆ ಹೊಡೆಯುವುದು ಸಾಮಾನ್ಯವಾಗಿ ಕಾಣುವ, ಅಷ್ಟೇ ಅಪಾಯಕಾರಿಯಾದ ಪದ್ಧತಿ. ಬೋರ್ಡು ಕಪಾಟಿನ ಹೊರಗಿರಬೇಕು, ವೈರು ಪ್ಲಗ್‌ಗಿಂತ ಕೆಳಗೆ ಜೋತು ನಂತರ ಮೇಲೇರಬೇಕು. ಆಗ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಕಡ್ಡಾಯವೆಂದೇ ತಿಳಿಯಬೇಕು. ಹೀಟರಿಗೂ ಪಂಪಿಗೂ ಬೇರೆ ಬೇರೆ ಇದ್ದರೆ ಹೀಟರ್ ಕೆಟ್ಟು ಇಎಲ್‌ಸಿಬಿ ಬಿದ್ದಾಗಲೂ ಪಂಪು ನಿಲ್ಲುವುದಿಲ್ಲ.

ಪಂಪು ನಿಂತರೆ ನೆಲಕ್ಕಾಗುವ ಹಾನಿ ಕೆಲವು ನಿಮಿಷಗಳದ್ದು, ಮೀನುಗಳಿಗಾಗುವುದು ಗಂಟೆಗಳದ್ದು. ಸಂಪಿನ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಬಳಸುತ್ತವೆ. ಸಣ್ಣ ಪಂಪಿಗೆ ಬೇಕಾದ್ದು 40 ವಾಟ್ ಆಸುಪಾಸು. ಮನೆಯ ಇನ್ವರ್ಟರ್ ಇಡೀ ರಾತ್ರಿ ಅದನ್ನು ನಡೆಸಬಲ್ಲದು. ಸ್ಕ್ವೇರ್ ವೇವ್ ಬಗೆಯ ಹಳೆಯ ಇನ್ವರ್ಟರ್‌ಗಳಲ್ಲಿ ಎಸಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನಾದರೂ ಮೇಲಿನ ತೊಟ್ಟಿಗೆ ಇಟ್ಟುಕೊಳ್ಳುತ್ತಾರೆ.

ಮೊದಲ ಪರೀಕ್ಷೆ

ಉಪ್ಪು ಬೆರೆಸುವ ಮುನ್ನ ಸಿಹಿನೀರಿನಿಂದಲೇ ಪರೀಕ್ಷೆ ನಡೆಯಬೇಕು. ಪಂಪು ನಡೆಸಿ ಮೇಲಿನ ತೊಟ್ಟಿ ತುಂಬಿದ ಮೇಲೆ ಸ್ವಿಚ್ ಆರಿಸಿ, ಇಳಿಯುವ ನೀರೆಲ್ಲ ಇಳಿಯಲು ಬಿಡಬೇಕು. ಆ ಸ್ಥಿತಿಯಲ್ಲಿ ಸಂಪಿನ ಅಂಚಿಗೆ ನಾಲ್ಕು ಬೆರಳು ಉಳಿಯುವಂತೆ ನೀರು ಹೊಂದಿಸಿ, ಮತ್ತೆ ಪಂಪು ಹಾಕಿ, ಆಗ ಪಂಪಿನ ಕೋಣೆಯಲ್ಲಿ ನಿಂತ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಬೇಕು. ಮುಂದೆಂದೂ ಆ ಗೆರೆ ದಾಟಿ ನೀರು ತುಂಬಬಾರದು. ಅನಂತರ ಮುಖ್ಯ ಇಳಿಪೈಪಿನ ಬಾಯಿಗೆ ಬಟ್ಟೆ ತುರುಕಿ ತುರ್ತು ಪೈಪು ಹೊತ್ತೊಯ್ಯುತ್ತದೆಯೇ ನೋಡಬೇಕು. ಕೊನೆಗೆ ಎರಡನ್ನೂ ಮುಚ್ಚಿ, ಪಂಪಿನ ಕೋಣೆ ಬರಿದಾಗುವವರೆಗೆ ಪಕ್ಕದಲ್ಲೇ ನಿಲ್ಲಬೇಕು. ಸ್ವಿಚ್ಚನ್ನು ಹತ್ತು ಬಾರಿ ಆರಿಸಿ ಹಾಕಿದಾಗಲೂ ಸೈಫನ್ ತಾನಾಗಿ ಹಿಡಿದರೆ ಉಪ್ಪು ಬೆರೆಸಬಹುದು. ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ಮೀನು ತರಲು ಅವಸರವಿಲ್ಲ. ಜೋಡಣೆಯಲ್ಲಿ ಉಳಿದ ಸೋರಿಕೆಗಳೂ ಅಷ್ಟರಲ್ಲಿ ಬಿಳಿ ಉಪ್ಪಿನ ಗೆರೆಯಾಗಿ ತಾವೇ ಕಾಣಿಸಿಕೊಳ್ಳುತ್ತವೆ.

ಸೈಫನ್ ತುಂಡರಿಸುವ ರಂಧ್ರಕ್ಕೆ ತಿಂಗಳಿಗೊಮ್ಮೆ ಹಲ್ಲುಕಡ್ಡಿ ಹಾಕುವುದು, ಪಂಪನ್ನು ಕೆಲವು ತಿಂಗಳಿಗೊಮ್ಮೆ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ ಸುಣ್ಣ ಬಿಡಿಸುವುದು ನಂತರದ ಕೆಲಸ. ತೊಟ್ಟಿಯ ಯಜಮಾನರು ಊರಲ್ಲಿಲ್ಲದಾಗ ಮನೆಯಲ್ಲಿರುವವರಿಗೆ ಯಾವ ಸ್ವಿಚ್ ಪಂಪಿನದು, ನೆಲದ ಮೇಲೆ ನೀರು ಕಂಡರೆ ಯಾವುದನ್ನು ಮೊದಲು ಆರಿಸಬೇಕು ಎಂಬುದನ್ನು ಬರೆದ ಚೀಟಿ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿರಬೇಕು. ಚೀಟಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ.